ಪಂಚನಾಮೆಯಲ್ಲಿಲ್ಲದ ಜೇನು

ನಮ್ಮ ಮುತ್ಯಾನ ಮನೆ ಈಗ ಕೃಷ್ಣೆಯ ಹಿನ್ನೀರಿನಲ್ಲಿದೆ. ಬೀಳಗಿ ತಾಲ್ಲೂಕಿನ ಆ ಮನೆಯಲ್ಲಿ ಏನೇನಿತ್ತು ಎಂಬುದು ಒಂದು ಪಂಚನಾಮೆಯಲ್ಲಿದೆ. ಕಲ್ಲು ಮತ್ತು ಮಣ್ಣಿನ ಗೋಡೆ, ಅದರ ಉದ್ದ, ದಪ್ಪ, ಎತ್ತರ. ಮೇಲ್ಮುದ್ದೆ ಮಾಳಿಗೆ. ಎರಡು ಜೊತೆ ಬಾಗಿಲು, ನಾಲ್ಕು ಕಂಬ, ದನದ ಕೊಟ್ಟಿಗೆ, ಒಂದು ಹಗೇವು. ಹಿತ್ತಲಲ್ಲಿ ಬೇವಿನ ಮರ ಎರಡು, ಹುಣಸೆ ಒಂದು. ಕೆಳಗೆ ಮುತ್ಯಾನ ಹೆಬ್ಬೆಟ್ಟು.

ಮುಳುಗಡೆಯ ಮನೆಗಳಿಗೆ ಬೆಲೆ ಕಟ್ಟಿದ್ದು ಹೇಗೆ ಎಂಬುದು ನನ್ನ ಸಂಶೋಧನೆಯ ಒಂದು ಅಧ್ಯಾಯ. ಅದಕ್ಕಾಗಿ ಇಂಥ ಕಾಗದಗಳನ್ನು ರಾಶಿಗಟ್ಟಲೆ ಓದಿದ್ದೇನೆ. ನಮ್ಮ ಮನೆಯದು ಸಿಕ್ಕಿದ್ದು ಮಾತ್ರ ಕೊನೆಗೆ, ಅವ್ವನ ಟ್ರಂಕಿನಲ್ಲಿ, ಹಳೆಯ ಇಳಕಲ್ಲ ಸೀರೆಯ ಮಡಿಕೆಯೊಳಗೆ. ಓದಿ ಅವ್ವನಿಗೆ ಹೇಳಿದೆ, ಎಲ್ಲ ಬರೆದುಕೊಂಡಿದ್ದಾರೆ, ಹಗೇವನ್ನೂ ಬಿಟ್ಟಿಲ್ಲ ಎಂದು. ಅವ್ವ ಒಲೆಯ ಮುಂದಿನಿಂದಲೇ ಕೇಳಿದಳು: "ಗ್ವಾಡ್ಯಾಗಿನ ಹುಳ ಬರದಾರೇನು?"

ಅವಳು ಅದನ್ನು ಚೇಷ್ಟೆಗೇ ಕೇಳಿದ್ದು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಪಡಸಾಲೆಯ ಮೂಡಣ ಗೋಡೆಯಲ್ಲಿ, ಬಾಗಿಲಿನಿಂದ ಒಂದು ಮೊಳ ದೂರಕ್ಕೆ, ಮೇಣದ ಸಣ್ಣ ಕೊಳವೆಯೊಂದು ಹೊರಗೆ ಚಾಚಿಕೊಂಡಿತ್ತು. ಕಿರುಬೆರಳಿನ ಗಾತ್ರ, ಕಪ್ಪು ಬಣ್ಣ, ಮುಟ್ಟಿದರೆ ಅಂಟು. ಅದರ ಬಾಯಲ್ಲಿ ಇರುವೆಗಿಂತ ತುಸು ದೊಡ್ಡವಾದ ಕರಿ ಹುಳಗಳು ಸದಾ ಕಾವಲು ಕೂತಿರುತ್ತಿದ್ದವು. ನಾನಾಗ ಐದೋ ಆರೋ ವರ್ಷದವ. ಬೆರಳು ಹಾಕಲು ಹೋದರೆ ಆಯಿ ಗದರುತ್ತಿದ್ದಳು. ಕಡಿಯುತ್ತವೆ ಎಂದಲ್ಲ. "ಅವು ಕಡ್ಯಾಂಗಿಲ್ಲ. ನೀನ ಅವಕ್ಕ ತ್ರಾಸ ಕೊಡಬ್ಯಾಡ" ಎಂದು.

ವರ್ಷಕ್ಕೊಮ್ಮೆ, ದಸರೆಗೆ ಮುಂಚೆ, ಗೋಡೆ ಸಾರಿಸುವುದಿತ್ತು. ಮಣ್ಣು, ಸಗಣಿ, ಹೊಟ್ಟು ಕಲಸಿ ಆಯಿ ಮೇಲಿಂದ ಕೆಳಗೆ ಅಂಗೈ ಆಡಿಸುತ್ತ ಬರುತ್ತಿದ್ದಳು. ಆ ಕೊಳವೆಯ ಹತ್ತಿರ ಬಂದಾಗ ಕೈ ಸುತ್ತು ಹಾಕಿ ಮುಂದೆ ಹೋಗುತ್ತಿತ್ತು. ಹಾಗಾಗಿ ನುಣುಪಾದ ಇಡೀ ಗೋಡೆಯಲ್ಲಿ ರೊಟ್ಟಿಯಷ್ಟು ಅಗಲದ ಒಂದು ಬೋಳು ವರ್ತುಲ ಉಳಿದಿರುತ್ತಿತ್ತು. ಆಯಿಗಿಂತ ಮೊದಲು ಸಾರಿಸಿದವರೂ ಅಲ್ಲಿ ಕೈ ಸುತ್ತಿಸಿದ್ದರಿಂದ ಗೋಡೆಯ ಉಳಿದ ಮೈ ಪದರು ಪದರಾಗಿ ದಪ್ಪವಾಗಿ, ಆ ವರ್ತುಲ ಮಾತ್ರ ಒಂದು ಸಣ್ಣ ಗೂಡಿನಂತೆ ಒಳಕ್ಕೆ ತಗ್ಗಿತ್ತು. ಎಷ್ಟು ವರ್ಷಗಳ ಪದರು ಎಂದು ಎಣಿಸುವ ಬುದ್ಧಿ ನನಗಾಗ ಇರಲಿಲ್ಲ.

ಕರಾವಳಿಯಲ್ಲಿ ಇದನ್ನು ಮುಜಂಟಿ ಎನ್ನುತ್ತಾರೆ. ಮಲೆನಾಡಿನಲ್ಲಿ ಮಿಸರಿ, ಇನ್ನು ಕೆಲವು ಕಡೆ ನಸರಿ. ನಮ್ಮ ಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ, ಗ್ವಾಡ್ಯಾಗಿನ ಹುಳ ಅಷ್ಟೆ. ಬ್ರಿಟಿಷ್ ಕೀಟಶಾಸ್ತ್ರಜ್ಞ ಫ್ರೆಡೆರಿಕ್ ಸ್ಮಿತ್ 1854ರಲ್ಲಿ ಸಿಂಹಳದ ಮಾದರಿಯನ್ನು ನೋಡಿ ಇಟ್ಟ ಹೆಸರಿನಿಂದಾಗಿ ಇಂದು ವಿಜ್ಞಾನದ ಪುಸ್ತಕಗಳಲ್ಲಿ ಇದು ಟೆಟ್ರಾಗೋನ್ಯುಲಾ ಇರಿಡಿಪೆನ್ನಿಸ್. ರೆಕ್ಕೆಯಲ್ಲಿ ಕಾಮನಬಿಲ್ಲಿನ ಬಣ್ಣ ಉಳ್ಳದ್ದು ಎಂದು ಅರ್ಥ. ಇದಕ್ಕೆ ಕೊಂಡಿ ಇಲ್ಲ ಎನ್ನುವಂತಿಲ್ಲ, ಇದ್ದ ಕೊಂಡಿ ಸವೆದು ಕೆಲಸಕ್ಕೆ ಬಾರದಾಗಿದೆ. ಸಿಟ್ಟು ಬಂದರೆ ಕೂದಲಿಗೆ, ಕಿವಿಗೆ, ಕಣ್ಣಿನ ರೆಪ್ಪೆಗೆ ನುಗ್ಗಿ ಬಾಯಿಂದ ಚಿವುಟುತ್ತದೆ. ಹೆಜ್ಜೇನು, ತುಡುವೆಗಳ ಹಾಗೆ ಇಳಿಬಿದ್ದ ಹಲ್ಲೆ ಕಟ್ಟುವುದಿಲ್ಲ. ತಾನು ಸ್ರವಿಸಿದ ಮೇಣಕ್ಕೆ ಮರದ ಅಂಟು ಬೆರೆಸಿ ಗೋಲಿಯಂಥ ಸಣ್ಣ ಕುಡಿಕೆಗಳನ್ನು ಮಾಡುತ್ತದೆ. ತುಪ್ಪಕ್ಕೆ ಕೆಲವು, ಪರಾಗಕ್ಕೆ ಕೆಲವು. ಮರಿಗಳ ಕೋಣೆಗಳು ಬೇರೆ, ಮಣಿಗೊಂಚಲಿನ ಹಾಗೆ. ತುಪ್ಪ ನೀರಾಗಿ, ತುಸು ಹುಳಿಯಾಗಿ ಇರುತ್ತದೆ. ಒಂದು ಗೂಡಿನಿಂದ ವರ್ಷಕ್ಕೆ ಸಿಗುವುದು ಕೆಲವೇ ನೂರು ಗ್ರಾಂ.

*

ಅವ್ವನ ಪ್ರಶ್ನೆಯ ಹೊತ್ತಿಗೆ ನಾನು ಓದುತ್ತಿದ್ದದ್ದು ಇನ್ನೊಂದು ಖಂಡದ ಕಾಗದಗಳ ಬಗ್ಗೆ. ಆಳುವವರು ಆಳಿಸಿಕೊಳ್ಳುವವರ ಬದುಕನ್ನು ಹೇಗೆ ಬರೆದುಕೊಳ್ಳುತ್ತಾರೆ ಎಂಬ ವಿಷಯಕ್ಕೆ ಬಂದವರೆಲ್ಲ ಡಿಯಾಗೊ ದೆ ಲಾಂಡಾನನ್ನು ಓದಲೇಬೇಕು. ಮೆಕ್ಸಿಕೊದ ಯುಕಟಾನ್ ಪ್ರಾಂತದಲ್ಲಿದ್ದ ಸ್ಪೇನಿನ ಪಾದ್ರಿ ಈತ. 1562ರ ಜುಲೈಯಲ್ಲಿ ಮಾನಿ ಎಂಬ ಊರಿನಲ್ಲಿ ಮಾಯಾ ಜನರ ವಿಗ್ರಹಗಳನ್ನೂ ಚಿತ್ರಲಿಪಿಯ ಪುಸ್ತಕಗಳನ್ನೂ ರಾಶಿ ಹಾಕಿ ಸುಡಿಸಿದ. ಆಮೇಲೆ ಸ್ಪೇನಿಗೆ ಹೋಗಿ, ಸುಮಾರು 1566ರಲ್ಲಿ, ಅದೇ ಜನರ ಪಂಚಾಂಗ, ಹಬ್ಬ, ಊಟ, ಮನೆ, ಮರ, ಪ್ರಾಣಿಗಳ ಬಗ್ಗೆ ಒಂದು ವಿವರವಾದ ಪುಸ್ತಕ ಬರೆದ. ಸುಟ್ಟವನೇ ಬರೆದಿಟ್ಟವನೂ ಆದದ್ದು ಚರಿತ್ರೆ ಓದುವವರಿಗೆ ಹೊಸದಲ್ಲ, ಆದರೂ ಈತನ ಮಟ್ಟಿಗೆ ಅದು ಅತಿಯಾಯಿತು.

(ಮಾಯಾ ಎಂದಾಗೆಲ್ಲ ನಮ್ಮ ಹಾಸ್ಟೆಲಿನ ಗೆಳೆಯರು "ಅಲ್ಲಮನದೋ, ಮಯಾಸುರನದೋ" ಎಂದು ಕಾಡುತ್ತಿದ್ದರು. ಎರಡೂ ಅಲ್ಲ. ಮೆಕ್ಸಿಕೊದ ದಕ್ಷಿಣ, ಗ್ವಾಟೆಮಾಲಾ, ಬೆಲೀಜುಗಳಲ್ಲಿ ಇಂದಿಗೂ ಲಕ್ಷಗಟ್ಟಲೆ ಇರುವ, ತಮ್ಮ ನುಡಿಗಳನ್ನು ಇಂದಿಗೂ ಆಡುವ ಜನ ಅವರು.)

ಲಾಂಡಾನ ಪುಸ್ತಕದಲ್ಲಿ ಜೇನಿನ ಮಾತು ಬರುತ್ತದೆ. ಇಲ್ಲಿ ಎರಡು ಬಗೆಯ ಜೇನುಗಳಿವೆ, ಎರಡೂ ನಮ್ಮವಕ್ಕಿಂತ ಚಿಕ್ಕವು, ಕುಟುಕುವುದಿಲ್ಲ, ತುಪ್ಪ ನೀರಾಗಿರುತ್ತದೆ ಎನ್ನುತ್ತಾನೆ. ಅದನ್ನು ಓದಿದಾಗ ಮೂಡಣ ಗೋಡೆ ನೆನಪಾಯಿತು. ಪ್ರಾಣಿ ಅದೇ ಅಲ್ಲ. ಮಾಯಾ ಜನರು ಸಾಕುವುದು ಮೆಲಿಪೋನಾ ಬೀಚಿ, ನಮ್ಮದಕ್ಕಿಂತ ಎಷ್ಟೋ ದೊಡ್ಡದು, ಹೆಚ್ಚೂಕಡಿಮೆ ತುಡುವೆಯ ಗಾತ್ರ. ಆದರೆ ಅದೇ ಬಳಗ, ಅವೇ ಕುಡಿಕೆಗಳು, ಬಾಗಿಲಲ್ಲಿ ಅದೇ ಕಾವಲು.

ಆ ಜನ ಅದನ್ನು ಕರೆಯುವುದು ಶುನಾನ್ ಕಾಬ್, ಅಂದರೆ ಜೇನಮ್ಮ ಎನ್ನಬಹುದು. ಕಾಬ್ ಎಂದರೆ ಅವರ ನುಡಿಯಲ್ಲಿ ಹುಳವೂ ಹೌದು, ತುಪ್ಪವೂ ಹೌದು, ನಮ್ಮ "ಜೇನು" ಎರಡಕ್ಕೂ ಸಲ್ಲುವ ಹಾಗೆ. ಅದೇ ಮಾತಿಗೆ ಭೂಮಿ ಎಂಬ ಅರ್ಥವೂ ಇದೆ, ಅಲ್ಲಿಗೆ ನಮ್ಮ ಮಾತು ಹೋಗುವುದಿಲ್ಲ.

ಅವರ ಸಾಕಾಣಿಕೆ ಹೀಗೆ. ಪೊಳ್ಳಾದ ಮರದ ತುಂಡೊಂದನ್ನು ತಂದು, ಎರಡೂ ತುದಿಗೆ ಕಲ್ಲಿನದೋ ಮರದ್ದೋ ಬಿಲ್ಲೆ ಕೂರಿಸಿ ಮಣ್ಣು ಮೆತ್ತುತ್ತಾರೆ. ನಡುವೆ ಒಂದು ಸಣ್ಣ ತೂತು. ಅಂಥ ತುಂಡುಗಳನ್ನು ಗರಿಯ ಚಪ್ಪರದಡಿ ಇಳಿಜಾರಾಗಿ, ಒಂದರ ಮೇಲೊಂದು ಒರಗಿಸುತ್ತಾರೆ. ತುಪ್ಪ ತೆಗೆಯುವಾಗ ತುದಿಯ ಬಿಲ್ಲೆ ತೆಗೆದು ಕುಡಿಕೆಗಳನ್ನು ಮಾತ್ರ ಒಡೆದು ಹರಿಸಿಕೊಂಡು ಮತ್ತೆ ಮುಚ್ಚುತ್ತಾರೆ. ಮರಿಗಳ ಗೊಂಚಲು ನಡುವೆ ಇರುವುದರಿಂದ ಅದಕ್ಕೆ ಪೆಟ್ಟಿಲ್ಲ. ಮರ ಕೊಳೆತುಹೋದರೂ ಬಿಲ್ಲೆ ಉಳಿಯುತ್ತದೆ. ಪುರಾತತ್ವದವರಿಗೆ ಹಳೆಯ ಜೇನುಸಾಲುಗಳು ಗೊತ್ತಾಗುವುದು ಸಾಲಾಗಿ ಬಿದ್ದ ಆ ಕಲ್ಲಿನ ಬಿಲ್ಲೆಗಳಿಂದ. ಗ್ವಾಟೆಮಾಲಾದ ನಾಕುಮ್ ಎಂಬಲ್ಲಿ ಅದೇ ಆಕಾರದ, ಸುಟ್ಟ ಮಣ್ಣಿನ ಒಂದು ಗೂಡು ಸಿಕ್ಕಿದೆ, ಅದಕ್ಕೆ ಸುಮಾರು 2000 ವರ್ಷ.

ಬೆಂಕಿಯಿಂದ ಪಾರಾಗಿ ಉಳಿದ ಮಾಯಾ ಪುಸ್ತಕಗಳು ನಾಲ್ಕೇ. ಅವುಗಳಲ್ಲಿ ಒಂದು ಮ್ಯಾಡ್ರಿಡ್ ನಗರದಲ್ಲಿದೆ. ಅದರ 112 ಪುಟಗಳಲ್ಲಿ ಕೊನೆಯ ಹತ್ತರಷ್ಟು ಪುಟಗಳು ಜೇನಿಗೇ ಮೀಸಲು. ಯಾವ ದಿನ ಯಾವ ದೇವರಿಗೆ ಏನು ಕೊಡಬೇಕು ಎಂಬ ಪಂಚಾಂಗ ಅದು, ದೇವತೆಗಳ ತಲೆಯ ಮೇಲೆ ರೆಕ್ಕೆ ಬಿಚ್ಚಿದ ಜೇನುಗಳು. ಲಾಂಡಾನೂ ಹೇಳುತ್ತಾನೆ: ತ್ಸೆಕ್ ಎಂಬ ತಿಂಗಳಲ್ಲಿ ಜೇನುಸಾಲಿನ ಒಡೆಯರು ಹೊಬ್ನಿಲ್ ಎಂಬ ದೇವರಿಗೆ ಹಬ್ಬ ಮಾಡುತ್ತಾರೆ. ಮೋಲ್ ತಿಂಗಳಲ್ಲಿ ಇನ್ನೊಂದು ಹಬ್ಬ, ಜೇನಿಗೆ ಹೂ ಒದಗಲಿ ಎಂದು. ತುಪ್ಪ ಸಿಗಲಿ ಎಂದು ಬೇಡಿಕೊಳ್ಳುವುದು ಎಲ್ಲಿಯಾದರೂ ಇದ್ದೀತು. ಹುಳಕ್ಕೆ ಹೂ ಸಿಗಲಿ ಎಂದು ಬೇಡಿಕೊಳ್ಳಲು ಒಂದು ಪ್ರತ್ಯೇಕ ತಿಂಗಳೇ ಬೇಕೆಂದು ಯೋಚಿಸಿದವರು ಅವರು.

ಇದನ್ನೆಲ್ಲ ಬರೀ ಭಕ್ತಿ ಎಂದು ಹಿಗ್ಗಬೇಕಿಲ್ಲ. ತುಪ್ಪ, ಮೇಣ ಅವರಿಗೆ ದೊಡ್ಡ ವ್ಯಾಪಾರವಾಗಿತ್ತು. ಬಾಲ್ಚೆ ಎಂಬ ಮರದ ತೊಗಟೆಯನ್ನು ತುಪ್ಪದ ನೀರಿನಲ್ಲಿ ಹುಳಿ ಬರಿಸಿ ಮಾಡಿದ ಪಾನೀಯವಿಲ್ಲದೆ ಪೂಜೆಯಿರಲಿಲ್ಲ. ಸ್ಪೇನಿನವರು ಬಂದ ಮೇಲೆ ತುಪ್ಪವೂ ಮೇಣವೂ ಕಂದಾಯವಾದವು. ಇಗರ್ಜಿಗಳ ಮೇಣದ ಬತ್ತಿಗಾಗಿ ಜನ ಕಾಡು ಅಲೆದು ಮೇಣ ಹೊತ್ತು ತರಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯುಕಟಾನಿನಲ್ಲಿ ಹಗ್ಗದ ನಾರಿಗಾಗಿ ಹೆನೆಕೆನ್ ಎಂಬ ಕತ್ತಾಳೆಯ ತೋಟಗಳು ಹಬ್ಬಿ ಕಾಡು ಸಾಫಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಹೆಚ್ಚು ತುಪ್ಪ ಕೊಡುವ ಯುರೋಪಿನ ಜೇನು ಪೆಟ್ಟಿಗೆಗಳಲ್ಲಿ ಬಂತು, 1980ರ ದಶಕದಲ್ಲಿ ಅದರ ಆಫ್ರಿಕಾ ಮಿಶ್ರತಳಿಯೂ ಬಂತು. ಚಪ್ಪರದಡಿಯ ಮರದ ತುಂಡುಗಳು ಒಂದೊಂದೇ ಖಾಲಿಯಾದವು. ಈಗ ಅಲ್ಲಿ ಉಳಿದವುಗಳನ್ನು ಉಳಿಸಿಕೊಳ್ಳುವ ಪ್ರಯತ್ನ ನಡೆದಿದೆ. ಹಳ್ಳಿಯ ಹೆಂಗಸರ ಗುಂಪುಗಳು ಮತ್ತೆ ಸಾಕುತ್ತಿವೆ. ಹಳೆಯ ಕ್ರಮದಲ್ಲೇ ಚಪ್ಪರ ಹಾಕಿ, ತುಂಡು ಜೋಡಿಸಿ, ಪ್ರವಾಸಿಗರಿಗೆ ತೋರಿಸುವ ಜೇನುವನಗಳಿವೆ. ನಾನು ಕಂಡಿರುವುದು ಅವುಗಳ ಚಿತ್ರಗಳನ್ನಷ್ಟೆ.

*

ಚಿತ್ರಗಳನ್ನು ನೋಡುತ್ತ ಎದ್ದ ಪ್ರಶ್ನೆ, ನಮ್ಮಲ್ಲಿ ಇಂಥದ್ದು ಏಕೆ ಆಗಲಿಲ್ಲ ಎಂಬುದು.

ಜೇನುವನ ನಮಗೆ ಗೊತ್ತಿಲ್ಲದ್ದಲ್ಲ. ರಾಮಾಯಣದ ಸುಂದರಕಾಂಡದಲ್ಲಿ ಸುಗ್ರೀವನದೊಂದು ಮಧುವನವಿದೆ. ಅವನ ಸೋದರಮಾವ ದಧಿಮುಖ ಅದರ ಕಾವಲುಗಾರ. ಸೀತೆಯನ್ನು ಕಂಡ ಸಂತೋಷಕ್ಕೆ ಕಪಿಗಳು ನುಗ್ಗಿ ಕುಡಿದು ಕುಣಿದು ವನ ಹಾಳು ಮಾಡಿ ದಧಿಮುಖನನ್ನೇ ಹೊಡೆಯುತ್ತವೆ. ರಾಜನ ಸೊತ್ತಾಗಿ, ಕಾವಲಿಟ್ಟು ಕಾಯ್ದ ಜೇನಿನ ಕಲ್ಪನೆ ಅದು. ಆದರೆ ಅಲ್ಲಿರುವುದು ತುಪ್ಪ. ಹುಳದ ಸುದ್ದಿ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಕಾವ್ಯಗಳಲ್ಲಿ ಹುಳ ಬಂದಾಗ ಅದು ತುಂಬಿ, ತಾವರೆಯ ಸುತ್ತ ಮೊರೆಯುವ ದೊಡ್ಡ ಕರಿದುಂಬಿ. ಗೋಡೆಯ ತೂತಿನಲ್ಲಿ ಸಂಸಾರ ಮಾಡುವ, ದನಿಯೂ ಕೇಳಿಸದ ಹುಳಕ್ಕೆ ಕವಿಗಳು ಮನಸೋಲಲಿಲ್ಲ.

ವೈದ್ಯರು ಕವಿಗಳಿಗಿಂತ ಹತ್ತಿರದಿಂದ ನೋಡಿದ್ದರು. ಸುಶ್ರುತನ ಪಟ್ಟಿಯಲ್ಲಿ ಎಂಟು ಬಗೆಯ ಜೇನುತುಪ್ಪಗಳಿವೆ. ಅವುಗಳಲ್ಲಿ ಔದ್ದಾಲಕ ಎಂಬುದನ್ನು ವಿವರಿಸುವಾಗ, ಹದಿನಾರನೆಯ ಶತಮಾನದ ಭಾವಮಿಶ್ರ ತನ್ನ ಭಾವಪ್ರಕಾಶದಲ್ಲಿ ಅದನ್ನು ಮಾಡುವವು ಹುತ್ತದೊಳಗೆ ವಾಸಿಸುವ ಕಪಿಲ ಬಣ್ಣದ ಸಣ್ಣ ಕೀಟಗಳು, ಸಿಗುವ ತುಪ್ಪ ಸ್ವಲ್ಪವೇ ಎನ್ನುತ್ತಾನೆ. ಮುಜಂಟಿ ಹುತ್ತದಲ್ಲೂ ಗೂಡು ಮಾಡುತ್ತದೆ. ಭಾವಮಿಶ್ರ ಹೇಳುತ್ತಿರುವುದು ನಮ್ಮ ಹುಳವನ್ನೇ ಎಂದು ನನಗೆ ಅನಿಸುತ್ತದೆ. ಭಾವಮಿಶ್ರನ ಶತಮಾನವೇ ಲಾಂಡಾನದೂ. ಇಬ್ಬರೂ ಒಂದೇ ಬಳಗದ ಹುಳದ ಬಗ್ಗೆ ಬರೆಯುತ್ತಿದ್ದರು, ಒಬ್ಬ ಔಷಧಿಗಾಗಿ, ಇನ್ನೊಬ್ಬ ತಾನು ಸುಟ್ಟ ಲೋಕದ ಲೆಕ್ಕ ಒಪ್ಪಿಸುವುದಕ್ಕಾಗಿ.

ನಮ್ಮ ಸೀಮೆಗೆ ಬಂದರೆ ಇನ್ನೊಂದು ಸಂಗತಿ ಎದುರಾಗುತ್ತದೆ. ಮುಧೋಳ ರನ್ನನ ಊರು. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ಆತ ಜೈನ. ರಬಕವಿ-ಬನಹಟ್ಟಿಗೆ ಹತ್ತಿರದ ತೇರದಾಳದಲ್ಲಿ ಹನ್ನೆರಡನೆಯ ಶತಮಾನದ ನೇಮಿನಾಥ ಬಸದಿಯಿದೆ, ಮಾಂಡಲಿಕ ಗೊಂಕ ಕಟ್ಟಿಸಿದ್ದು. ಜಮಖಂಡಿ ಸುತ್ತಿನ ಹಳ್ಳಿಗಳಲ್ಲಿ ಇಂದಿಗೂ ಜೈನ ಒಕ್ಕಲಿನವರು ಬಹಳ. ಜೈನ ಶ್ರಾವಕರು ಬಿಡಬೇಕಾದವುಗಳಲ್ಲಿ ಮೊದಲ ಮೂರು ಮದ್ಯ, ಮಾಂಸ, ಮಧು. ಈ ಕೊನೆಯದು ಹೊರಗಿನವರಿಗೆ ಆಶ್ಚರ್ಯ ಹುಟ್ಟಿಸುತ್ತದೆ. ಜೇನುತುಪ್ಪವನ್ನು ಹೆಂಡ, ಮಾಂಸಗಳ ಸಾಲಿಗೆ ಏಕೆ ತರಬೇಕು? ಹಲ್ಲೆಯನ್ನು ಹಿಂಡುವಾಗ ಮರಿಗಳೂ ಹಿಂಡಿಹೋಗುತ್ತವೆ ಎಂಬುದು ಕಾರಣ. ಆಚಾರ್ಯ ಅಮೃತಚಂದ್ರ ಇನ್ನೂ ಮುಂದೆ ಹೋಗುತ್ತಾನೆ: ಗೂಡಿನಿಂದ ತಾನಾಗಿ ತೊಟ್ಟಿಕ್ಕಿದ್ದನ್ನು ತೆಗೆದುಕೊಂಡರೂ ಹಿಂಸೆಯೇ, ಅದರಲ್ಲಿಯೂ ಜೀವಗಳಿವೆ.

ಮಾಯಾ ಜನರದು ಕೇಳಿ ತೆಗೆದುಕೊಳ್ಳುವ ಕ್ರಮ, ಜೈನರದು ಮುಟ್ಟದಿರುವ ಕ್ರಮ. ಎರಡರಲ್ಲೂ ಹುಳದ ಮೇಲೆ ಒಂದು ಗಮನವಿದೆ. ನಮ್ಮ ಆಯಿ ಜೈನಳಲ್ಲ, ಅಮೃತಚಂದ್ರನ ಹೆಸರು ಕೇಳಿದವಳೂ ಅಲ್ಲ. ಅವಳ ಕೈ ಗೋಡೆಯ ಮೇಲೆ ಸುತ್ತು ಹಾಕಿದ್ದಕ್ಕೂ ತೇರದಾಳದ ಬಸದಿಗೂ ಗಂಟು ಹಾಕಲು ನಾನು ಹೋಗುವುದಿಲ್ಲ. ಆದರೆ ತಿನ್ನದೆ ಬಿಡುವುದೂ ಒಂದು ಸಾಕಾಣಿಕೆ ಎಂಬುದು ಈ ಸೀಮೆಗೆ ಹೊರಗಿನ ಮಾತಲ್ಲ. ಆ ಬಗೆಯ ಸಾಕಾಣಿಕೆಯ ತೊಂದರೆಯೆಂದರೆ ಅದು ಕುರುಹು ಬಿಡುವುದಿಲ್ಲ. ತೆಗೆದುಕೊಂಡವರು ಬಿಲ್ಲೆ ಬಿಟ್ಟರು, ಪಂಚಾಂಗ ಬಿಟ್ಟರು, ಕಂದಾಯದ ಪಟ್ಟಿಯಲ್ಲಿ ಹೆಸರು ಬಿಟ್ಟರು. ನಮ್ಮವರು ಬಿಟ್ಟದ್ದು ಒಂದು ಬೋಳು ವರ್ತುಲ.

ಇದೇ ನೆಲದ ಇನ್ನೊಂದು ಪ್ರಾಣಿಯ ಕತೆ ನೋಡಿ. ಮುಧೋಳ ನಾಯಿಗೆ ಘೋರ್ಪಡೆ ರಾಜರ ಕೈ ಸಿಕ್ಕಿತು. ಮಾಲೋಜಿರಾವ್ ಘೋರ್ಪಡೆ ಅದರ ತಳಿ ಬೆಳೆಸಿ ಇಂಗ್ಲೆಂಡಿನ ಅರಸನಿಗೆ ಕಾಣಿಕೆ ಕೊಟ್ಟರು. ಸಂಸ್ಥಾನ 1948ರಲ್ಲಿ ವಿಲೀನವಾದ ಮೇಲೂ ನಾಯಿಯ ಮಾನ ಉಳಿಯಿತು. 2005ರಲ್ಲಿ ಅಂಚೆಚೀಟಿ ಬಂತು, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ಬಂತು. ಬೇಟೆಯಾಡುವ ಪ್ರಾಣಿಗೆ ಅರಸು ಸಿಗುತ್ತಾನೆ. ನೂರು ಗ್ರಾಂ ತುಪ್ಪದ ಹುಳಕ್ಕೆ ಆಯಿ ಸಿಕ್ಕರೆ ಹೆಚ್ಚು.

ಸರ್ಕಾರ ಜೇನಿನ ಕಡೆ ತಿರುಗಿದಾಗಲೂ ಇದು ಹೊರಗುಳಿಯಿತು, ಅದಕ್ಕೆ ಕಾರಣ ಪೆಟ್ಟಿಗೆ. ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಕಂಡುಕೊಂಡದ್ದೇನೆಂದರೆ, ಎರಡು ಹಲ್ಲೆಗಳ ನಡುವೆ ಜೇನು ಓಡಾಡುವಷ್ಟೇ ಜಾಗ ಬಿಟ್ಟರೆ ಅದು ಅಲ್ಲಿ ಅಂಟು ಹಚ್ಚುವುದಿಲ್ಲ, ಚೌಕಟ್ಟುಗಳನ್ನು ಪುಸ್ತಕದ ಹಾಳೆಯಂತೆ ಎತ್ತಿ ಇಡಬಹುದು ಎಂದು. 1910ರ ದಶಕದಲ್ಲಿ ತಿರುಚಿರಾಪಳ್ಳಿಯ ಕಡೆ ಪಾದ್ರಿ ನ್ಯೂಟನ್ ನಮ್ಮ ತುಡುವೆಗೆ ಹೊಂದುವ ಸಣ್ಣ ಪೆಟ್ಟಿಗೆ ಮಾಡಿದ. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡಗಳಲ್ಲಿ ಜೇನುಕೃಷಿ ಹಬ್ಬಿದ್ದು ಇಂಥ ಪೆಟ್ಟಿಗೆಗಳಿಂದ. ಖಾದಿ ಗ್ರಾಮೋದ್ಯೋಗ ಆಯೋಗ ಹಂಚಿದ್ದೂ ಪೆಟ್ಟಿಗೆ, 1962ರಲ್ಲಿ ಪುಣೆಯಲ್ಲಿ ಶುರುವಾದ ಕೇಂದ್ರೀಯ ಜೇನು ಸಂಶೋಧನಾ ಸಂಸ್ಥೆಯ ಹೆಚ್ಚಿನ ಶ್ರಮವೂ ಹಲ್ಲೆ ಕಟ್ಟುವ ಜೇನುಗಳ ಮೇಲೆ. ಹಲ್ಲೆಯನ್ನೇ ಕಟ್ಟದ, ಕುಡಿಕೆ ಮಾಡುವ ಹುಳಕ್ಕೆ ಚೌಕಟ್ಟು ಕೊಟ್ಟು ಏನು ಮಾಡುವುದು? ಕರಾವಳಿಯವರು ಅದನ್ನು ಬಿದಿರಿನ ಅಂಡೆಯಲ್ಲಿ, ಮಡಕೆಯಲ್ಲಿ, ತೆಂಗಿನ ಚಿಪ್ಪಿನಲ್ಲಿ ತಮ್ಮ ಪಾಡಿಗೆ ಇಟ್ಟುಕೊಂಡರು. ನಮ್ಮ ಬಯಲುಸೀಮೆಯಲ್ಲಿ ಅದು ಗೋಡೆಯಲ್ಲೇ ಉಳಿಯಿತು.

ಗೋಡೆಯಲ್ಲಿದ್ದರೂ ಹೊಟ್ಟೆಗೆ ಹೊಲವೇ ಬೇಕು. ಘಟಪ್ರಭೆಯ ಕಾಲುವೆ, ಏತ ನೀರಾವರಿ ಬರುವ ಮುಂಚೆ ಇಲ್ಲಿನ ಎರೆಹೊಲಗಳಲ್ಲಿ ಹತ್ತಿ, ಕುಸುಬಿ, ಗುರೆಳ್ಳು, ಬಿಳಿಜೋಳದ ಸಾಲಿನಲ್ಲಿ ಅಕ್ಕಡಿ ಕಾಳುಗಳಿದ್ದವು. ಒಂದರ ಹೂ ಉದುರುವಷ್ಟರಲ್ಲಿ ಇನ್ನೊಂದರದು. ಈಗ ಮುಧೋಳದಿಂದ ಜಮಖಂಡಿಗೆ ಬಸ್ಸಿನಲ್ಲಿ ಬಂದರೆ ಎರಡೂ ಬದಿ ಕಬ್ಬು. ಕಬ್ಬು ಹುಲ್ಲಿನ ಜಾತಿ. ಅದರಲ್ಲಿ ಜೇನಿಗೆ ಮಕರಂದವಿಲ್ಲ, ಸೂಲಂಗಿ ಬರುವ ಹೊತ್ತಿಗೆ ಕಟಾವೂ ಆಗಿರುತ್ತದೆ. ಕಬ್ಬು ಬೆಳೆದು ನಮ್ಮವರು ಸಾಲ ತೀರಿಸಿದ್ದಾರೆ, ನನ್ನ ಓದೂ ಮಾವನ ಕಬ್ಬಿನ ಬಿಲ್ಲಿನಲ್ಲೇ ನಡೆದದ್ದು, ಹಾಗಾಗಿ ಬೈಯುವ ಬಾಯಿ ನನ್ನದಲ್ಲ. ಯುಕಟಾನಿನ ಕತ್ತಾಳೆ ತೋಟಗಳ ಬಗ್ಗೆ ಓದಿದಾಗ ಮಾತ್ರ ನನಗೆ ಕಂಡದ್ದು ಆ ಬಸ್ಸಿನ ಕಿಟಕಿ.

*

ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರಲ್ಲಿ. ನೀರು 519.60 ಮೀಟರಿಗೆ ಏರುವ ಹೊತ್ತಿಗೆ ನಾನು ಹುಟ್ಟಿ ಓಡಾಡುತ್ತಿದ್ದೆ. ಊರು ಬಿಡುವಾಗ ಜನ ಮನೆಯನ್ನು ತಾವೇ ಬಿಚ್ಚಿದರು. ತೊಲೆ, ಜಂತಿ, ಬಾಗಿಲು, ಕಂಬ, ಹೊಸ್ತಿಲು, ಬೀಸುವ ಕಲ್ಲು ಎಲ್ಲವೂ ಟ್ರ್ಯಾಕ್ಟರಿನಲ್ಲಿ ಪುನರ್ವಸತಿ ಕೇಂದ್ರಕ್ಕೆ ಬಂದವು. ಕೆಲವರು ಮಾಳಿಗೆಯ ಮಣ್ಣನ್ನೂ ಹೇರಿಕೊಂಡು ಬಂದರು.

ಅವ್ವ ಹೇಳಿದಂತೆ, ನಮ್ಮ ಮನೆಯ ಮೂಡಣ ಗೋಡೆ ಬಿದ್ದದ್ದು ಕೊನೆಗೆ. ಬಾಗಿಲ ಚೌಕಟ್ಟು ಬಿಡಿಸಲು ಹಾರೆ ಹಾಕಿದಾಗ ಕಲ್ಲು ಸರಿದು ಗೂಡು ತೆರೆದುಕೊಂಡಿತು. ಕುಡಿಕೆಗಳು ಒಡೆದು ತುಪ್ಪ ಮಣ್ಣಿಗೆ ಸುರಿಯಿತು. ಆಳುಗಳು ಬೆರಳಲ್ಲಿ ಒತ್ತಿ ನೆಕ್ಕಿದರು. ಆಯಿ ಒಂದು ಗಡಿಗೆ ತಂದು ಗೊಂಚಲಿನ ಚೂರುಗಳನ್ನು ಅದರಲ್ಲಿಟ್ಟಳಂತೆ, ಆದರೆ ಸಂಜೆಯೊಳಗೆ ಇರುವೆ ಮುತ್ತಿದವು. ಮೂರು ದಿನ ಬಿಟ್ಟು ಉಳಿದ ಕಲ್ಲು ತರಲು ಹೋದಾಗ, ಗೋಡೆಯಿದ್ದ ಜಾಗದಲ್ಲಿ, ನೆಲದಿಂದ ಎದೆಯೆತ್ತರಕ್ಕೆ, ಸರಿಯಾಗಿ ಆ ತೂತಿದ್ದಲ್ಲೇ, ಹುಳಗಳ ಒಂದು ಸಣ್ಣ ಗುಂಪು ಗಾಳಿಯಲ್ಲಿ ಸುತ್ತುತ್ತಿತ್ತು. ಹೊರಗೆ ಮೇಯಲು ಹೋದವು ಬಾಗಿಲಿದ್ದ ಜಾಗಕ್ಕೇ ಮರಳುತ್ತವೆ. ಜಾಗ ಅವಕ್ಕೆ ಗೊತ್ತು, ಗೋಡೆ ಹೋದದ್ದು ಗೊತ್ತಿಲ್ಲ. "ಮನಿ ಹುಡಕಾಕತ್ತಾವ ನೋಡು" ಎಂದು ಆಯಿ ಅಲ್ಲೇ ಕೂತುಬಿಟ್ಟಳಂತೆ. ಮನೆ ಬಿಚ್ಚುವಾಗ, ಊರದೇವರನ್ನು ಎಬ್ಬಿಸುವಾಗ ಅಳದವಳು ಅವತ್ತು ಅತ್ತಳು ಎಂದು ಅವ್ವ ಹೇಳಿದಳು.

ಮುಳುಗಡೆಯ ಕಾಗದಗಳನ್ನು ನಾನು ಬರೀ ಅನ್ಯಾಯದ ಕಾಗದಗಳಾಗಿ ಓದುವುದಿಲ್ಲ. ಮರ ಎಣಿಸಿದವರು, ಬಾವಿಯ ಆಳ ಅಳೆದವರು ತಮ್ಮ ಕೆಲಸ ಮಾಡಿದ್ದಾರೆ. ಬೆಲೆ ಕಟ್ಟಬೇಕಾದರೆ ಒಡೆಯನಿರಬೇಕು. ಗೋಡೆಗೆ ಒಡೆಯ ಮುತ್ಯಾ. ಗೋಡೆಯೊಳಗಿನದಕ್ಕೆ ಮುತ್ಯಾನೂ ಒಡೆಯನೆಂದುಕೊಂಡಿರಲಿಲ್ಲ. ಮಾಯಾ ಊರೊಂದು ಮುಳುಗಿದ್ದರೆ ಜೇನಿನ ತುಂಡುಗಳು ಪಟ್ಟಿಗೆ ಬರುತ್ತಿದ್ದವು, ಏಕೆಂದರೆ ಪ್ರತಿ ತುಂಡಿಗೂ ಒಬ್ಬ ಒಡೆಯನಿದ್ದ. 2010ರಲ್ಲಿ ಕೃಷ್ಣಾ ಎರಡನೇ ನ್ಯಾಯಮಂಡಳಿ ಆಲಮಟ್ಟಿಯ ನೀರನ್ನು 524.256 ಮೀಟರಿನವರೆಗೆ ನಿಲ್ಲಿಸಲು ಒಪ್ಪಿದೆ. ಇನ್ನೂ ನಾಲ್ಕೂವರೆ ಮೀಟರಿಗೆ ಮಿಗಿಲು. ಮತ್ತಷ್ಟು ಪಂಚನಾಮೆಗಳು, ಮತ್ತಷ್ಟು ಮಣ್ಣಿನ ಗೋಡೆಗಳು.

ನೀರು ಬರದ ಊರುಗಳಲ್ಲೂ ಗೋಡೆಗಳು ಹೋಗುತ್ತಿವೆ. ಹೋದ ಮಳೆಗಾಲದಲ್ಲಿ ಬನಹಟ್ಟಿಯ ನೇಕಾರರ ಓಣಿಯೊಂದರಲ್ಲಿ ಅಡ್ಡಾಡುವಾಗ, ಕುಣಿಮಗ್ಗವಿದ್ದ ಹಳೆಯ ಮನೆಯ ಹೊರಗೋಡೆಯಲ್ಲಿ ಆ ಕಪ್ಪು ಕೊಳವೆ ಕಂಡೆ. ಗೋಡೆಗೆ ನೀಲಿ ಸುಣ್ಣ. ಕೊಳವೆಯ ಸುತ್ತ ಸುಣ್ಣ ಇರಲಿಲ್ಲ, ರೊಟ್ಟಿಯಗಲ ಮಣ್ಣಿನ ಬಣ್ಣ ಹಾಗೇ ಇತ್ತು. ಮನೆಯ ಹಿರಿಯರು ಕಟ್ಟೆಯ ಮೇಲೆ ಕೂತಿದ್ದರು. ಏಕೆ ಬಿಟ್ಟಿದ್ದೀರಿ ಕಾಕಾ ಎಂದೆ. "ಬಿಡೂದು ಅದನ್ನ. ಮೊದಲಿಂದ ಬಿಟ್ಟಾರ" ಎಂದರು. ಇಷ್ಟೇ ಉತ್ತರ. ಲಾಂಡಾನ ಮಾಹಿತಿದಾರರೂ ಇದಕ್ಕಿಂತ ಹೆಚ್ಚು ಹೇಳಿರಲಿಕ್ಕಿಲ್ಲ ಎನಿಸಿತು.

ಆ ಮನೆಯೂ ಬೀಳುವುದಿತ್ತು. ಮಗನಿಗೆ ಪವರ್‌ಲೂಮ್ ಹಾಕಬೇಕು, ಮಣ್ಣಿನ ಗೋಡೆ ಅದರ ಅದುರಿಗೆ ತಡೆಯುವುದಿಲ್ಲ. ನಾನು ಪುತ್ತೂರಿನ ಕಡೆಯ ಗೆಳೆಯನಿಗೆ ಫೋನ್ ಮಾಡಿದೆ, ಅವರ ಮನೆಯಲ್ಲಿ ಮುಜಂಟಿ ಇದೆ. ಅವನು ಹೇಳಿದ ಉಪಾಯ ಸರಳ. ಗೋಡೆ ಒಡೆಯಬೇಡ. ಒಂದು ಸಣ್ಣ ಮರದ ಪೆಟ್ಟಿಗೆ ಮಾಡಿಸು, ಅದರ ಹಿಂದೊಂದು ತೂತು, ಮುಂದೊಂದು ತೂತು. ಹಿಂದಿನ ತೂತಿನಿಂದ ಗೋಡೆಯ ತೂತಿಗೆ ಒಂದು ಕೊಳವೆ ಜೋಡಿಸಿ, ಸುತ್ತ ಮೇಣ ಮೆತ್ತಿ ಬೇರೆ ದಾರಿ ಇಲ್ಲದಂತೆ ಮಾಡು. ಹಳೆಯ ಕೊಳವೆಯ ಮೇಣವನ್ನೇ ಕಿತ್ತು ಮುಂದಿನ ತೂತಿಗೆ ಅಂಟಿಸು, ವಾಸನೆಯಿಂದ ಬಾಗಿಲು ಗುರುತಿಸುತ್ತವೆ. ಇನ್ನು ಅವು ಪೆಟ್ಟಿಗೆಯ ಒಳಗಿಂದ ಹಾದುಹೋಗಬೇಕು. ಹೋಗಿ ಬಂದು ಹೋಗಿ ಬಂದು ಒಂದು ದಿನ ಪೆಟ್ಟಿಗೆಯಲ್ಲೂ ಕುಡಿಕೆ ಕಟ್ಟಲು ಶುರುಮಾಡುತ್ತವೆ. ಮರಿಗಳೂ ಹೊಸ ರಾಣಿಯೂ ಅಲ್ಲಿ ಆದ ಮೇಲೆ ಪೆಟ್ಟಿಗೆ ಬಿಡಿಸಬಹುದು. ಎಷ್ಟು ದಿನ ಎಂದೆ. ದಿನ ಅಲ್ಲ ಮಾರಾಯ, ತಿಂಗಳು, ಕೆಲವೊಮ್ಮೆ ವರ್ಷ ಎಂದ.

ಜಮಖಂಡಿಯ ಬಡಿಗೇರರೊಬ್ಬರು ಬೇವಿನ ಹಲಗೆಯಲ್ಲಿ ಪೆಟ್ಟಿಗೆ ಮಾಡಿಕೊಟ್ಟರು. ಏನಕ್ಕೆ ಎಂದು ಕೇಳಿ, ಕೇಳಿಸಿಕೊಂಡು, ದುಡ್ಡು ಅರ್ಧ ತೆಗೆದುಕೊಂಡರು. ಪೆಟ್ಟಿಗೆಯನ್ನು ಗೋಡೆಗೆ ಕಟ್ಟಿದ ಮೊದಲ ದಿನ ಹುಳಗಳು ಹೊರಗೆಲ್ಲ ಮುತ್ತಿ ಗದ್ದಲ ಮಾಡಿದವು. ಓಣಿಯ ಹುಡುಗರ ಕೂದಲಿಗೂ ಹೊಕ್ಕವು. ಮೂರನೆಯ ದಿನ ದಾರಿ ಹಿಡಿದವು. ಕಾಕಾ ಮಗನ ಹತ್ತಿರ ಮಾತಾಡಿ, ಗೋಡೆ ಕೆಡವುವುದನ್ನು ಯುಗಾದಿಯ ತನಕ ಮುಂದೂಡಿದರು. "ಆಮ್ಯಾಲ ನನ್ನ ಮಾತು ನಡ್ಯಾಂಗಿಲ್ಲ ತಮ್ಮಾ" ಎಂದು ಮೊದಲೇ ಹೇಳಿದ್ದಾರೆ.

ಕಳೆದ ವಾರ ಹೋಗಿದ್ದೆ. ಪೆಟ್ಟಿಗೆಯ ಮುಚ್ಚಳ ಗಾಜಿನದು, ಮೇಲೊಂದು ಹಲಗೆ. ಹಲಗೆ ಸರಿಸಿ ನೋಡಿದೆವು. ಹಿಂದಿನ ತೂತಿನ ಅಂಚಿಗೆ ಕಪ್ಪು ಮೇಣ ಹತ್ತಿತ್ತು. ಮೂಲೆಯಲ್ಲಿ ಅಂಟಿನ ನಾಲ್ಕೈದು ಎಳೆಗಳು. ಕುಡಿಕೆ ಇನ್ನೂ ಇಲ್ಲ. ಯುಗಾದಿಗೆ ಹನ್ನೊಂದು ವಾರ ಇದೆ.